ನಾಣ್ಯಕ್ಕೆ ಪೊರೆ ಬಂದರೆ: ಉಜ್ಜದೆ, ಕೆರೆಯದೆ ತೆಗೆಯುವುದು ಹೇಗೆ

ನನ್ನ ಹತ್ತಿರ 1919ರ ಒಂದು ಬೆಳ್ಳಿ ರೂಪಾಯಿ ಇದೆ. ಐದನೇ ಜಾರ್ಜ್ ದೊರೆಯದು, ಬಾಂಬೆ ಟಂಕಸಾಲೆಯದು. ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿಯಲ್ಲಿ ಒಂದು ಸಣ್ಣ ಉಬ್ಬು ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತ. ಅದನ್ನು ಸ್ಟೇಷನರಿ ಅಂಗಡಿಯಲ್ಲಿ ಕೊಂಡ ಅಗ್ಗದ ಆಲ್ಬಮ್ಮಿನಲ್ಲಿ ಇಟ್ಟು ಆರೇಳು ವರ್ಷ ಮರೆತೇಬಿಟ್ಟಿದ್ದೆ. ತೆಗೆದು ನೋಡಿದರೆ ಆ ಚುಕ್ಕೆ ಕಾಣುತ್ತಿಲ್ಲ. ದೊರೆಯ ನಿಲುವಂಗಿಯ ಮೇಲಿನ ಆನೆಯೂ ಕಾಣುತ್ತಿಲ್ಲ. ವಯಸ್ಸಾದವರ ಕಣ್ಣಿಗೆ ಪೊರೆ ಬರುತ್ತದಲ್ಲ, ಹಾಗೆ ನಾಣ್ಯದ ತುಂಬ ತೆಳು ಹಸಿರು ಪೊರೆ. ಮುಟ್ಟಿದರೆ ಅಂಟಂಟು.

ಅಮ್ಮ ನೋಡಿ, "ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯಾ, ಒಂಚೂರು ಹುಣಸೆಹಣ್ಣು ಹಚ್ಚಿ ಉಜ್ಜು, ಫಳಫಳ ಅನ್ನುತ್ತೆ" ಅಂದರು. ಅನ್ನುತ್ತೆ, ಸುಳ್ಳಲ್ಲ. ದೇವರ ಮನೆಯ ಪಂಚಪಾತ್ರೆಗೆ ಅದು ಸರಿ. ಆದರೆ ಸಂಗ್ರಹದ ನಾಣ್ಯವನ್ನು ಒಂದು ಸಲ ಹಾಗೆ ಉಜ್ಜಿದರೆ ಅದರ ಅರ್ಧ ಬೆಲೆ ಅಲ್ಲೇ ತೊಳೆದುಹೋಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಟಂಕಸಾಲೆಯಲ್ಲಿ ಅಚ್ಚು ಜೋರಾಗಿ ಬಿದ್ದಾಗ ಲೋಹ ಮಧ್ಯದಿಂದ ಅಂಚಿನ ಕಡೆ ಒಂದಿಷ್ಟು ಹರಿಯುತ್ತದೆ. ಹಾಗೆ ಹರಿದದ್ದರಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಚಲಾವಣೆಗೆ ಬೀಳದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಬೆಳಕು ಗಾಡಿಚಕ್ರದ ಅರಗಳ ಹಾಗೆ ಸುತ್ತು ಹಾಕುತ್ತದೆ. ಸಂಗ್ರಾಹಕರು ಲಸ್ಟರ್ ಅನ್ನುವುದು ಇದನ್ನೇ. ಉಜ್ಜಿದರೂ, ಆಸಿಡ್‌ನಲ್ಲಿ ಅದ್ದಿದರೂ ಮೊದಲು ಹೋಗುವುದು ಈ ಗೆರೆಗಳೇ. ಆಮೇಲೆ ನಾಣ್ಯ ಹೊಳೆಯುತ್ತದೆ, ಆದರೆ ಅದು ಸ್ಟೀಲ್ ಲೋಟದ ಹೊಳಪು. ತಿಳಿದವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ನಾಣ್ಯದ ಸ್ಥಿತಿ ನೋಡಿ ಗ್ರೇಡ್, ಅಂದರೆ ಅಂಕ, ಕೊಡುವ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ಇಂಥ ನಾಣ್ಯಕ್ಕೆ ಅಂಕ ಕೊಡುವುದಿಲ್ಲ, "ಕ್ಲೀನ್ ಮಾಡಿದ್ದು" ಅಂತ ಚೀಟಿಯ ಮೇಲೆ ಬರೆದು ಕಳಿಸುತ್ತವೆ.

ಹಾಗಾಗಿ ಈ ಕೆಲಸದಲ್ಲಿ ನಾನು ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ನಾಣ್ಯದ ಮೇಲೆ ಕೂತದ್ದನ್ನು ತೆಗೆಯಬಹುದು. ನಾಣ್ಯದ ಲೋಹವೇ ಬದಲಾಗಿ ಆದದ್ದನ್ನು ಮುಟ್ಟಬಾರದು. ಎಣ್ಣೆ, ಜಿಡ್ಡು, ಟೇಪಿನ ಅಂಟು, ಪ್ಲಾಸ್ಟಿಕ್ ಬಿಟ್ಟ ಪಸೆ, ಇವೆಲ್ಲ ಮೇಲೆ ಕೂತವು. ಬೆಳ್ಳಿ ಕಪ್ಪಾಗುವುದು, ತಾಮ್ರ ಕಂದಾಗುವುದು ಲೋಹ ಬದಲಾದದ್ದು.

ಮೊದಲು ಇದು ಯಾವ ಪೊರೆ ಅಂತ ನೋಡಿ

ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಟೇಬಲ್ ಲ್ಯಾಂಪ್ ಹಾಕಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು, ವಾಚ್ ರಿಪೇರಿಯವರ ಹತ್ತಿರ ಇರುವಂಥದ್ದು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕೆಳಗೆ ಮಡಚಿದ ಟವೆಲ್ ಇರಲಿ, ಕೈ ಜಾರುವುದು ಯಾರಿಗೂ ತಪ್ಪಿದ್ದಲ್ಲ.

ನಾಣ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಮೊದಲು ಡಬ್ಬಿಯನ್ನೇ ನೋಡಿ. ನಗಬೇಡಿ. ಮಸುಕಾಗಿದೆ ಅಂದುಕೊಂಡ ಎಷ್ಟೋ ನಾಣ್ಯಗಳಲ್ಲಿ ಮಸುಕಾಗಿರುವುದು, ಗೀರು ಬಿದ್ದಿರುವುದು ಹೊರಗಿನ ಪ್ಲಾಸ್ಟಿಕ್ ಮಾತ್ರ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಥೆ ಮುಗಿಯಿತು. ಮುಂದೆ ನಾಣ್ಯಕ್ಕೆ ಬಳಸಲಿರುವ ಅಸಿಟೋನ್, ಅಂದರೆ ಜಿಡ್ಡು, ಅಂಟು ಕರಗಿಸುವ ದ್ರವ, ಅದನ್ನು ಮಾತ್ರ ಅಲ್ಲಿಗೆ ಹಚ್ಚಬೇಡಿ, ಡಬ್ಬಿ ಕರಗಿ ಹಾಲುಗಾಜಿನ ಹಾಗೆ ಆಗುತ್ತದೆ.

ಹಸಿರು ಛಾಯೆ, ಅಂಟು, ಅಕ್ಷರಗಳ ಬುಡದಲ್ಲಿ ಮತ್ತು ಅಂಚಿನ ಒಳಗೆ ಹೆಚ್ಚು ಸೇರಿಕೊಂಡಿದೆ ಅಂದರೆ ಅದು ಪಿವಿಸಿ ಪೊರೆ. ನಮ್ಮಲ್ಲಿ ಸಿಗುವ ಅಗ್ಗದ ಆಲ್ಬಮ್‌ಗಳ ಮೆತ್ತನೆಯ ಜೇಬುಗಳು ಹೆಚ್ಚಾಗಿ ಪಿವಿಸಿಯವು. ಪ್ಲಾಸ್ಟಿಕ್ ಮೆದುವಾಗಲಿ ಅಂತ ಅದಕ್ಕೆ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಕಾಲ ಕಳೆದಂತೆ, ಸೆಕೆಗೆ, ತೇವಕ್ಕೆ ಅದು ಬೆವರಿದ ಹಾಗೆ ಹೊರಗೆ ಬರುತ್ತದೆ. ಜೊತೆಗೆ ಪಿವಿಸಿ ಹಳಸಿದಾಗ ಹೈಡ್ರೋಕ್ಲೋರಿಕ್ ಆಸಿಡ್ ಕೂಡ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಅದು ನಾಣ್ಯದಲ್ಲಿರುವ ತಾಮ್ರದ ಜೊತೆ ಸೇರಿದಾಗ ಬರುವ ಬಣ್ಣವೇ ಹಸಿರು. ಇದನ್ನು ನಾಳೆ ನಾಡಿದ್ದು ಅಂತ ಮುಂದೂಡಬೇಡಿ. ಪೊರೆ ಕೂತಿರುವಷ್ಟು ದಿನವೂ ಆಸಿಡ್ ಲೋಹ ತಿನ್ನುತ್ತಲೇ ಇರುತ್ತದೆ.

ನೀಲಿ, ಬೂದು, ಹೊಂಬಣ್ಣ ಅಂಚಿನಿಂದ ಒಳಕ್ಕೆ ನಯವಾಗಿ ಹಬ್ಬಿದ್ದರೆ ಅದು ಟೋನಿಂಗ್. ಗಾಳಿಯಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಆದ ಪದರ. ಇದು ಪೊರೆ ಅಲ್ಲ, ನಾಣ್ಯದ ವಯಸ್ಸು. ಒಳ್ಳೆಯ ಬಣ್ಣದ ಟೋನಿಂಗ್‌ಗೆ ಜಾಸ್ತಿ ದುಡ್ಡು ಕೊಡುವವರೂ ಇದ್ದಾರೆ. ಬಿಟ್ಟುಬಿಡಿ.

ಅಪ್ಪಟ ಬೆಳ್ಳಿಯ ಹೊಸ ನಾಣ್ಯಗಳ ಮೇಲೆ ಹಾಲಿನ ಹನಿ ಒಣಗಿದಂಥ ಬಿಳಿ ಮಚ್ಚೆ ಬರುವುದುಂಟು. ಕೆನಡಾದ ಮೇಪಲ್ ಎಲೆಯ ನಾಣ್ಯಗಳು ಇದಕ್ಕೆ ಹೆಸರುವಾಸಿ. ಇಲ್ಲಿ ಬರೆದಿರುವ ಯಾವ ವಿಧಾನಕ್ಕೂ ಅದು ಬಗ್ಗುವುದಿಲ್ಲ.

ಇನ್ನು ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು ಕಂಡರೆ, ಹಿಂದೆ ಯಾರೋ ಆ ನಾಣ್ಯವನ್ನು ಉಜ್ಜಿದ್ದಾರೆ ಅಂತ ಅರ್ಥ. ಮಂಕು ಅದರಿಂದಲೇ ಬಂದದ್ದು. ಅದಕ್ಕೆ ಮದ್ದಿಲ್ಲ.

ನಮ್ಮ ಮನೆಗಳಲ್ಲಿ ಮಾತ್ರ ಸಿಗುವ ಇನ್ನೊಂದು ಜಾತಿ ಇದೆ: ಲಕ್ಷ್ಮಿ ಪೂಜೆಗೆ ಇಟ್ಟ ರೂಪಾಯಿ. ಅರಿಶಿನ, ಕುಂಕುಮ, ದೀಪದ ಎಣ್ಣೆಯ ಜಿಡ್ಡು, ಊದುಬತ್ತಿಯ ಹೊಗೆ, ಅಭಿಷೇಕದ ಹಾಲು, ಎಲ್ಲ ಪದರ ಪದರವಾಗಿ ಕೂತಿರುತ್ತವೆ. ನೋಡಲು ಭಯಂಕರವಾಗಿದ್ದರೂ ಬಹಳಷ್ಟು ಬಿಟ್ಟುಕೊಡುತ್ತದೆ.

ಬೇಕಾದ ಸಾಮಾನು

ಮುಖ್ಯವಾಗಿ ಬೇಕಾದ್ದು ಶುದ್ಧ ಅಸಿಟೋನ್. ಬ್ಯೂಟಿ ಪಾರ್ಲರಿನ ನೇಲ್ ಪಾಲಿಶ್ ರಿಮೂವರ್ ಅಲ್ಲ. ಅದರಲ್ಲಿ ಬಣ್ಣ, ಸುವಾಸನೆ, ಉಗುರು ಒಣಗದಿರಲಿ ಅಂತ ಹಾಕಿದ ಎಣ್ಣೆ ಇರುತ್ತವೆ. ಒಂದು ಪೊರೆ ತೆಗೆಯಲು ಹೋಗಿ ಇನ್ನೊಂದು ಹಚ್ಚಿದ ಹಾಗಾಗುತ್ತದೆ. ಕಾಲೇಜುಗಳ ಲ್ಯಾಬಿಗೆ ಕೆಮಿಕಲ್ ಮಾರುವ ಅಂಗಡಿಯಲ್ಲಿ "ಎಆರ್ ಗ್ರೇಡ್ ಅಸಿಟೋನ್, ಅರ್ಧ ಲೀಟರ್" ಅಂತ ಕೇಳಿ. ಎಆರ್ ಅಂದರೆ ಲ್ಯಾಬಿನ ಪರೀಕ್ಷೆಗೆ ಬಳಸುವಷ್ಟು ಶುದ್ಧವಾದದ್ದು. ಯಾಕೆ ಅಂತ ಅವರು ಕೇಳಿದರೆ ನಾಣ್ಯಕ್ಕೆ ಅಂತ ನಿಜವನ್ನೇ ಹೇಳಿ. ಒಂದು ವಿಚಿತ್ರ ನೋಟ ಸಿಗುತ್ತದೆ, ಬಾಟಲಿಯೂ ಸಿಗುತ್ತದೆ.

ಡಿಸ್ಟಿಲ್ಡ್ ವಾಟರ್ ಒಂದು ಲೀಟರ್. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಕೊಳವೆ ಬಾವಿ ನೀರು ಒಣಗಿದ ಮೇಲೆ ಬಕೆಟ್ಟಿನಲ್ಲಿ ಉಳಿಯುವ ಬಿಳಿ ಕಲೆ ನೋಡಿದ್ದೀರಲ್ಲ, ಅದೇ ನಾಣ್ಯದ ಮೇಲೂ ಉಳಿಯುತ್ತದೆ.

ಗಾಜಿನ ಬಟ್ಟಲು ನಾಲ್ಕು, ಮುಚ್ಚಲು ಗಾಜಿನ ಅಥವಾ ಸ್ಟೀಲಿನ ತಟ್ಟೆ. ಪ್ಲಾಸ್ಟಿಕ್ ಬಟ್ಟಲಾದರೆ ಹಲವು ಪ್ಲಾಸ್ಟಿಕ್‌ಗಳು ಅಸಿಟೋನ್‌ನಲ್ಲಿ ಕರಗುತ್ತವೆ, ಕರಗಿದ್ದು ನೇರ ನಾಣ್ಯದ ಮೇಲೆ ಕೂರುತ್ತದೆ. ಹಿಡಿಯಲು ಬಿದಿರಿನ ಅಥವಾ ಮರದ ಚಿಮಟ. ನಾನು ಮೊದಲು ತಂದದ್ದು ತುದಿಗೆ ಮೆತ್ತನೆಯ ರಬ್ಬರಿನ ಹಾಗೆ ಏನೋ ಹಚ್ಚಿದ ಸ್ಟೀಲ್ ಚಿಮಟ. ಅಸಿಟೋನ್‌ಗೆ ಅದ್ದಿದ ಸ್ವಲ್ಪ ಹೊತ್ತಿಗೆ ಅದು ಉಬ್ಬಿ ಜೋಲಾಡಿತು. ಆಮೇಲೆ ಹೊಳೆಯಿತು, ಅದೂ ಪಿವಿಸಿಯೇ ಇರಬೇಕು ಅಂತ. ಗ್ಲೌಸ್ ಹಾಕಿಕೊಂಡಿದ್ದೇನೆ ಅಂತ ಬೆರಳನ್ನು ಬಟ್ಟಲಿಗೆ ಇಳಿಸಬೇಡಿ. ಸಾಮಾನ್ಯವಾಗಿ ಸಿಗುವ ನೀಲಿ ನೈಟ್ರೈಲ್ ಗ್ಲೌಸ್ ಅಸಿಟೋನ್ ತಡೆಯುವುದಿಲ್ಲ.

ಎಲ್ಲಿ ಕೂತು ಮಾಡಬೇಕು

ಇದನ್ನು ದಯವಿಟ್ಟು ಬಿಟ್ಟು ಮುಂದೆ ಓದಬೇಡಿ. ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. 56 ಡಿಗ್ರಿಗೇ ಕುದಿಯುವ ವಸ್ತು, ಹಾಗಾಗಿ ಮುಚ್ಚಳ ತೆಗೆದ ಕ್ಷಣದಿಂದ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದುಹೋಗಿ ದೂರದಲ್ಲಿರುವ ಕಿಡಿಗೂ ತಗಲಬಲ್ಲದು. ಅಡುಗೆಮನೆ ಬೇಡ. ದೇವರ ಮನೆಯಲ್ಲಿ ನಂದಾದೀಪ ಇದ್ದರೆ ಪಕ್ಕದ ಕೋಣೆಯೂ ಬೇಡ. ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು ಯಾವುದೂ ಬೇಡ. ಬಾಲ್ಕನಿ ಅಥವಾ ಗಾಳಿಯಾಡುವ ಜಗಲಿ, ಬೆಳಗಿನ ಹೊತ್ತು, ಮಕ್ಕಳು ಹತ್ತಿರ ಇಲ್ಲದಾಗ ಒಳ್ಳೆಯದು. ಮಳೆ ಹಿಡಿದ ದಿನ ಬೇಡ, ಕಾರಣ ಕೆಳಗೆ ಬರುತ್ತದೆ. ಒಂದು ಬಟ್ಟಲಿಗೆ ನಾಣ್ಯ ಮುಳುಗುವಷ್ಟು ಮಾತ್ರ ಸುರಿದು, ಬಾಟಲಿಯ ಮುಚ್ಚಳ ಆಗಲೇ ಹಾಕಿಬಿಡಿ.

ಕೆಲಸ ಶುರು

ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಆಮೇಲೆ "ಮೊದಲು ಹೀಗಿತ್ತಾ?" ಅಂತ ಅನುಮಾನ ಬಂದೇ ಬರುತ್ತದೆ.

ಒಂದನೇ ಬಟ್ಟಲಿಗೆ ಡಿಸ್ಟಿಲ್ಡ್ ವಾಟರ್. ನಾಣ್ಯವನ್ನು ಇಳಿಸಿ ಹತ್ತು ನಿಮಿಷ ಬಿಡಿ. ಮೇಲೆ ಕೂತ ಮಣ್ಣಿನ ಕಣ ಸಡಿಲವಾಗಲಿ ಅಂತ ಇದು. ಆ ಕಣಗಳೇ ಆಮೇಲೆ ಉಪ್ಪುಕಾಗದದ ಕೆಲಸ ಮಾಡುವುದು. ಬಟ್ಟಲನ್ನೇ ಮೆಲ್ಲಗೆ ಅಲುಗಿಸಿ, ನಾಣ್ಯವನ್ನಲ್ಲ. ಪೂಜೆಯ ನಾಣ್ಯವಾದರೆ ಇಲ್ಲಿ ಅರ್ಧ ದಿನ ಬಿಟ್ಟು, ನಡುವೆ ಎರಡು ಸಲ ನೀರು ಬದಲಾಯಿಸಿ. ಒಣಗಿದ ಹಾಲು, ಸಕ್ಕರೆ, ಉಪ್ಪು ನೀರಿಗೆ ಬಿಡುತ್ತವೆಯೇ ಹೊರತು ಅಸಿಟೋನ್‌ಗೆ ಬಿಡುವುದಿಲ್ಲ. ತೆಗೆದ ಮೇಲೆ ಅಂಚನ್ನು ಟಿಶ್ಯೂಗೆ ತಾಗಿಸಿ, ನೀರು ತಾನೇ ಇಳಿಯುತ್ತದೆ. ಒರೆಸಬೇಡಿ.

ಎರಡನೇ ಬಟ್ಟಲಿಗೆ ಅಸಿಟೋನ್. ನಾಣ್ಯ ಇಳಿಸಿ, ತಟ್ಟೆ ಮುಚ್ಚಿ, ಅರ್ಧ ಗಂಟೆ ಬಿಡಿ. ಹದಿನೈದು ನಿಮಿಷಕ್ಕೊಮ್ಮೆ ಮಗುಚಿ ಹಾಕಿ, ಇಲ್ಲದಿದ್ದರೆ ಕೆಳಬದಿಗೆ ಅಸಿಟೋನ್ ಸರಿಯಾಗಿ ತಲುಪುವುದಿಲ್ಲ. ಒಂದು ಬಟ್ಟಲಿಗೆ ಒಂದೇ ನಾಣ್ಯ. ಎರಡು ಹಾಕಿದರೆ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಅರಿಶಿನ ಕೂತ ರೂಪಾಯಿಯನ್ನು ಇಲ್ಲಿ ನೋಡಬೇಕು. ಅರಿಶಿನದ ಬಣ್ಣ ಅಸಿಟೋನ್‌ನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಬಟ್ಟಲಿನ ತಳದಿಂದ ತೆಳ್ಳಗೆ ಹಳದಿ ಎಳೆಗಳು ಮೇಲೇಳುತ್ತವೆ.

ಮೂರನೇ ಬಟ್ಟಲಿಗೆ ಹೊಸ ಅಸಿಟೋನ್, ಹತ್ತು ನಿಮಿಷ. ಇದನ್ನು ಯಾರೂ ತಪ್ಪಿಸಬಾರದು. ಎರಡನೇ ಬಟ್ಟಲಿನಲ್ಲಿ ಪೊರೆ ಕರಗಿದೆ ನಿಜ, ಆದರೆ ಅದು ಎಲ್ಲಿಗೂ ಹೋಗಿಲ್ಲ, ಅದೇ ಅಸಿಟೋನ್‌ನಲ್ಲಿ ತೇಲುತ್ತಿದೆ. ಅಲ್ಲಿಂದ ತೆಗೆದು ಹಾಗೆಯೇ ಒಣಗಿಸಿದರೆ ಅಷ್ಟೂ ಕೊಳೆ ತೆಳ್ಳಗೆ ಹರಡಿ ಮತ್ತೆ ನಾಣ್ಯದ ಮೇಲೇ ಕೂರುತ್ತದೆ. "ಅಸಿಟೋನ್ ಹಾಕಿದ ಮೇಲೆ ಬಿಳಿ ಉಂಗುರ ಬಂತು" ಅಂತ ಗೋಳಾಡುವವರಲ್ಲಿ ಹೆಚ್ಚಿನವರು ಇಲ್ಲಿ ಕಂಜೂಸುತನ ಮಾಡಿರುತ್ತಾರೆ. ನಾಲ್ಕನೆಯದರಲ್ಲಿ ಕೊನೆಗೊಮ್ಮೆ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ.

ಈಗ ಒಣಗಿಸುವುದು. ಅಸಿಟೋನ್ ಆರುವಾಗ ನಾಣ್ಯದ ಶಾಖ ಎಳೆದುಕೊಂಡು ಹೋಗುತ್ತದೆ, ನಾಣ್ಯ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ತಣ್ಣನೆಯ ಲೋಹದ ಮೇಲೆ ಇಬ್ಬನಿ ಕೂರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಕೂತು ಈ ಕೆಲಸ ಮಾಡಿದರೆ ಹೊಸ ಕಲೆ ಖಂಡಿತ ಅಂದುಕೊಳ್ಳಿ. ಬಿಸಿಲಿರುವ ದಿನ, ನೆರಳಿನಲ್ಲಿ, ಬಿಳಿ ಟಿಶ್ಯೂ ಮೇಲೆ ನಾಣ್ಯವನ್ನು ಅಂಚಿನ ಮೇಲೆ ಓರೆಯಾಗಿ ಒರಗಿಸಿ ಇಡಿ. ಒಂದು ನಿಮಿಷ ಸಾಕು. ಹೇರ್ ಡ್ರೈಯರ್ ಬೇಡ, ಅದರೊಳಗೆ ಕಾದ ತಂತಿ ಇದೆ.

ಮತ್ತೆ ಲ್ಯಾಂಪಿನ ಕೆಳಗೆ ನೋಡಿ. ನನ್ನ 1919ರ ರೂಪಾಯಿಯಲ್ಲಿ ಮೊದಲು ಕಂಡದ್ದು ಆನೆಯ ಸೊಂಡಿಲು. ಅದು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. 1911ರ ರೂಪಾಯಿಯಲ್ಲಿ ಆ ಆನೆಯ ಸೊಂಡಿಲು ಎಷ್ಟು ಮೊಂಡಾಗಿತ್ತು ಅಂದರೆ, ಜನ ಹಂದಿ ಅಂತ ತಿಳಿದು ಗಲಾಟೆಯಾಯಿತು. 1912ರಿಂದ ಅಚ್ಚು ತಿದ್ದಿದರು. ಸಂಗ್ರಾಹಕರು ಇವತ್ತಿಗೂ 1911ರದನ್ನು ಹಂದಿ ರೂಪಾಯಿ ಅಂತಲೇ ಕರೆಯುವುದು.

ಹಠ ಮಾಡುವ ಪೊರೆ

ಇನ್ನೂ ಹಸಿರು ಉಳಿದಿದ್ದರೆ ಹೊಸ ಅಸಿಟೋನ್‌ನಲ್ಲಿ ಮುಚ್ಚಿ ರಾತ್ರಿಯೆಲ್ಲ ಬಿಡಿ. ಜಾಗ ಹೊರಗೇ ಇರಲಿ. ಬೆಳ್ಳಿಗೆ, ನಿಕ್ಕಲ್‌ಗೆ ಅಸಿಟೋನ್ ಏನೂ ಮಾಡುವುದಿಲ್ಲ, ಟೋನಿಂಗನ್ನೂ ಮುಟ್ಟುವುದಿಲ್ಲ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ. ಕರಗಬೇಕಾದ್ದು ಇದ್ದರೆ ಕರಗುತ್ತದೆ, ಇಲ್ಲದಿದ್ದರೆ ನಾಣ್ಯ ಇದ್ದ ಹಾಗೇ ಇರುತ್ತದೆ.

ಚಲಾವಣೆಯಲ್ಲಿ ಸವೆದ ನಾಣ್ಯವಾಗಿದ್ದು, ಅಕ್ಷರದ ಸಂದಿಯಲ್ಲಿ ಮಾತ್ರ ಏನೋ ಸಿಕ್ಕಿಕೊಂಡಿದ್ದರೆ, ಮರದ ಕಡ್ಡಿಯ ಕಿವಿಹತ್ತಿಯನ್ನು ಅಸಿಟೋನ್‌ನಲ್ಲಿ ಪೂರ್ತಿ ನೆನೆಸಿ, ಆ ಜಾಗದ ಮೇಲೆ ಉರುಳಿಸಿ. ಚಪಾತಿ ಲಟ್ಟಣಿಗೆ ಉರುಳುತ್ತದಲ್ಲ, ಹಾಗೆ. ಎಳೆಯಬಾರದು. ಒಂದು ಉರುಳಿಗೆ ಒಂದು ಹತ್ತಿ, ಆಮೇಲೆ ಎಸೆದುಬಿಡಿ.

ಪ್ರೂಫ್ ನಾಣ್ಯಕ್ಕೆ, ಅಂದರೆ ಸಂಗ್ರಾಹಕರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ ನಾಣ್ಯಕ್ಕೆ, ಇದೂ ಬೇಡ. ಮುಂಬೈ, ಕೋಲ್ಕತ್ತ ಟಂಕಸಾಲೆಗಳ ಸ್ಮಾರಕ ನಾಣ್ಯಗಳ ಪ್ರೂಫ್ ಸೆಟ್ ಇರುವವರಿಗೆ ಗೊತ್ತು, ಅದರ ಬಯಲು ಭಾಗ ಕನ್ನಡಿಯ ಹಾಗಿರುತ್ತದೆ. ಒದ್ದೆ ಹತ್ತಿ ತಾಗಿದರೂ ಗೀರು ಕಾಣುತ್ತದೆ. ಪ್ರೂಫ್‌ಗೆ ಬರೀ ಮುಳುಗಿಸುವುದು, ತೆಗೆಯುವುದು, ಅಷ್ಟೇ. ಸೆಟ್ಟಿನ ಡಬ್ಬಿಯೊಳಗಿನ ಸ್ಪಂಜು, ಅಂಟು ಬಿಟ್ಟ ಆವಿಯಿಂದ ಬಂದ ಮಸುಕು ಹೆಚ್ಚಾಗಿ ಅಷ್ಟಕ್ಕೇ ಹೋಗುತ್ತದೆ. ಬಣ್ಣ ಹಾಕಿದ ನಾಣ್ಯವಾದರೆ ಅಸಿಟೋನ್ ಹತ್ತಿರವೂ ತರಬೇಡಿ, ಬಣ್ಣವೇ ಎದ್ದುಬರುತ್ತದೆ.

ಪೊರೆ ಹೋದ ಮೇಲೆ ಅದರಡಿ ಸಣ್ಣ ಸಣ್ಣ ಕುಳಿಗಳು ಕಂಡರೆ, ಆಸಿಡ್ ಆಗಲೇ ಲೋಹ ತಿಂದಿದೆ. ಅಲ್ಲಿ ಕೈ ಬಿಡಿ.

ಲೋಹ ನೋಡಿ ಕೈ ಹಾಕಿ

ಬೆಳ್ಳಿಯಲ್ಲೂ ಎಲ್ಲ ಒಂದೇ ಅಲ್ಲ. 1939ರ ತನಕದ ರೂಪಾಯಿಯಲ್ಲಿ ಬೆಳ್ಳಿ ನೂರಕ್ಕೆ 91.7ರಷ್ಟು. 1940ರಿಂದ 45ರ ತನಕದ್ದರಲ್ಲಿ ಅರ್ಧವೇ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ತಾಮ್ರ ಜಾಸ್ತಿ ಇರುವುದರಿಂದ ಪಿವಿಸಿಗೆ ಬೇಗ ಹಸಿರಾಗುವುದು ಇವೇ. 1969ರ ಗಾಂಧಿ ಹತ್ತು ರೂಪಾಯಿ ನೂರಕ್ಕೆ 80 ಬೆಳ್ಳಿಯದು. ಮೂರಕ್ಕೂ ಮೇಲಿನ ವಿಧಾನವೇ ಸರಿ.

ತಾಮ್ರಕ್ಕೆ ನಾನು ಹೆದರಿಕೊಂಡೇ ಕೈ ಹಾಕುತ್ತೇನೆ. ಹೊಸ ಕೆಂಪು ಬಣ್ಣ ಉಳಿದಿರುವ ಕಾಲಾಣೆಯಂಥ ನಾಣ್ಯಗಳು ಅಸಿಟೋನ್ ಆದ ಮೇಲೆ ಬಣ್ಣ ತಿರುಗಿದವು ಅನ್ನುವ ಸಂಗ್ರಾಹಕರಿದ್ದಾರೆ. ಹಾಗಾಗಿ ಪಿವಿಸಿ ಇರುವುದು ಖಚಿತವಾದರೆ ಮಾತ್ರ, ಕೆಲವೇ ನಿಮಿಷ, ಬಿಸಿಲು ತಾಗದ ಹಾಗೆ. ಟಿಪ್ಪುವಿನ ಆನೆ ಪೈಸೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು ಇವುಗಳ ಕಂದು ಪದರವೇ ಆ ನಾಣ್ಯದ ಅಂದ ಮತ್ತು ಕವಚ. ಡಿಸ್ಟಿಲ್ಡ್ ವಾಟರ್ ದಾಟಿ ಮುಂದೆ ಹೋಗಬೇಡಿ. ತೆಂಗಿನೆಣ್ಣೆ ಸವರಿ ಮಿಂಚಿಸುವವರೂ ಇದ್ದಾರೆ, ಅದು ದೂಳು ಹಿಡಿಯುವ ಇನ್ನೊಂದು ಪೊರೆ. ಹಾಗೇ ತಾಮ್ರದ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಪಿವಿಸಿ ಅಲ್ಲ, ತುಕ್ಕಿನ ಜಾತಿಯ ರೋಗ. ಆ ನಾಣ್ಯವನ್ನು ಉಳಿದವುಗಳಿಂದ ದೂರ ಇಟ್ಟು, ತಿಳಿದವರಿಗೆ ತೋರಿಸಿ.

ಒಂದು, ಎರಡು, ಮೂರು ಪೈಸೆಯ ಅಲ್ಯುಮಿನಿಯಂ ನಾಣ್ಯಗಳಿಗೆ ಅಸಿಟೋನ್ ತೊಂದರೆ ಇಲ್ಲ. ಆದರೆ ಬಟ್ಟೆ ಒಗೆಯುವ ಸೋಡಾ ತಾಗಿದರೆ ಮೇಲ್ಮೈ ಕೊರೆದುಹೋಗುತ್ತದೆ.

ಜನ ಹೇಳುವ ಉಪಾಯಗಳು

ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್ ಎಲ್ಲವೂ ಆಸಿಡ್. ಟೂತ್‌ಪೇಸ್ಟ್, ವಿಭೂತಿ, ಪೀತಾಂಬರಿ ಪುಡಿ ಇವು ಉಜ್ಜಿ ಸವೆಸುವ ಪುಡಿಗಳು. ಅಕ್ಕಸಾಲಿಗರು ಅಂಟುವಾಳದ ನೀರು, ಬ್ರಷ್ ಬಳಸುವುದು ಒಡವೆಗೆ. ಒಡವೆಗೆ ಗ್ರೇಡ್ ಇರುವುದಿಲ್ಲವಲ್ಲ.

ಅಡುಗೆ ಸೋಡಾ ಮತ್ತು ಅಲ್ಯುಮಿನಿಯಂ ಫಾಯಿಲ್ ಉಪಾಯ ನೋಡಲು ಜಾದೂ. ಬಿಸಿನೀರಿನಲ್ಲಿ ಬೆಳ್ಳಿಯ ಕಪ್ಪು ಮತ್ತೆ ಬೆಳ್ಳಿಯಾಗುತ್ತದೆ. ಆದರೆ ಹಾಗೆ ವಾಪಸು ಬಂದ ಬೆಳ್ಳಿ ಮೊದಲಿನ ಹಾಗೆ ನಯವಾಗಿ ಕೂರುವುದಿಲ್ಲ, ಸತ್ತಂಥ ಬಿಳಿ ಬಣ್ಣ ಉಳಿಯುತ್ತದೆ. ಬೆಳ್ಳಿಯನ್ನು ಅದ್ದಿ ತೆಗೆಯಲು ಅಂಗಡಿಯಲ್ಲಿ ಸಿಗುವ ಸಿಲ್ವರ್ ಡಿಪ್ ದ್ರವದಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಅನ್ನುವ ರಾಸಾಯನಿಕ ಮತ್ತು ಆಸಿಡ್ ಇರುತ್ತವೆ. ಅದ್ದಿದ ಪ್ರತಿ ಸಲವೂ ಲಸ್ಟರ್‌ನ ಗೆರೆಗಳು ಅಷ್ಟಷ್ಟೇ ಕರಗುತ್ತವೆ. ಬಹಳ ಬೆಲೆಯ ನಾಣ್ಯವಾದರೆ ಇಲ್ಲಿ ಓದಿದ್ದನ್ನೂ ಮಾಡಬೇಡಿ, ನಾಣ್ಯ ಸಂರಕ್ಷಣೆಯನ್ನೇ ಕೆಲಸವಾಗಿ ಮಾಡುವವರಿಗೆ ಕೊಡಿ.

ಉಳಿದ ಅಸಿಟೋನನ್ನು ಸಿಂಕಿಗೆ ಸುರಿಯಬೇಡಿ. ನಿಮ್ಮ ಮನೆಯ ಪೈಪು ಯಾವುದರದ್ದು? ಪಿವಿಸಿಯದ್ದೇ, ಅಲ್ವಾ? ಸ್ವಲ್ಪವೇ ಇದ್ದರೆ ಹೊರಗೆ, ಬೆಂಕಿಯಿಂದ ದೂರ, ಯಾರೂ ಓಡಾಡದ ಕಡೆ ತೆರೆದಿಟ್ಟರೆ ಆರಿಹೋಗುತ್ತದೆ.

ಮತ್ತೆ ಪೊರೆ ಬಾರದ ಹಾಗೆ

ಹಳೇ ಆಲ್ಬಮ್ಮಿಗೇ ವಾಪಸು ಹಾಕಿದರೆ ಇಷ್ಟೂ ಮಾಡಿದ್ದು ದಂಡ. ಪಿವಿಸಿ ಗುರುತಿಸಲು ನನಗೆ ಮೂಗೇ ಸಾಕು: ಹೊಸ ರೆಕ್ಸಿನ್ ಬ್ಯಾಗಿನ ವಾಸನೆ ಬಂದರೆ, ಜೇಬು ಮೆತ್ತಗೆ ರಬ್ಬರಿನಂತೆ ಬಾಗಿದರೆ, ಬೇಡ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಹಾಳೆ ಗರಿಗರಿಯಾಗಿ ಸದ್ದು ಮಾಡುತ್ತದೆ, ವಾಸನೆ ಇರುವುದಿಲ್ಲ. ರಟ್ಟಿನ ಚೌಕದಲ್ಲಿ ಮೈಲಾರ್ ಕಿಟಕಿ ಇರುವ ಹೋಲ್ಡರ್‌ಗಳು ಅಗ್ಗವೂ ಹೌದು. ರಟ್ಟು ಮುಚ್ಚಲು ಹೊಡೆದ ಸ್ಟೇಪಲ್ ಪಿನ್ನಿನ ಬೆನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ. ಕಟ್ಟಲು ರಬ್ಬರ್ ಬ್ಯಾಂಡ್ ಬೇಡ, ಅದರಲ್ಲಿ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತದೆ. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿ.

ದೀಪಾವಳಿಯ ಲಕ್ಷ್ಮಿ ಪೂಜೆಗೆ ನಮ್ಮ ಮನೆಯಲ್ಲಿ ಈಗ ಬೇರೆ ಎರಡು ಸವೆದ ರೂಪಾಯಿ ಇಟ್ಟಿದ್ದೇವೆ. ಅವಕ್ಕೆ ಅರಿಶಿನ ಕುಂಕುಮ ಹಚ್ಚುವುದೂ, ಆಮೇಲೆ ಹುಣಸೆಹಣ್ಣು ಹಾಕಿ ಉಜ್ಜುವುದೂ ಅಮ್ಮನ ಖಾತೆ. ನಾನು ಆ ಕಡೆ ತಲೆ ಹಾಕುವುದಿಲ್ಲ.